ಕೊಳವೆಬಾವಿಯ ನೈಟ್ರೇಟು, ಯೂರಿಯಾ ಚೀಲ

ಕರ್ನಾಟಕದ ಏಕೈಕ ಯೂರಿಯಾ ಕಾರ್ಖಾನೆ ಇರುವುದು ಮಂಗಳೂರಿನ ಪಣಂಬೂರಿನಲ್ಲಿ. ನೈಸರ್ಗಿಕ ಅನಿಲದಿಂದ ಜಲಜನಕವನ್ನೂ ಗಾಳಿಯಿಂದ ಸಾರಜನಕವನ್ನೂ ತೆಗೆದು, 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿ, ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸಿದರೆ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾದಿಂದ ಯೂರಿಯಾ. ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿ, ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಓಪ್ಪಾವಿನಲ್ಲಿ ಕಾರ್ಖಾನೆಯ ಮಟ್ಟಕ್ಕೆ ಏರಿಸಿದ ವಿಧಾನವೇ ಇವತ್ತಿಗೂ ಜಗತ್ತಿಗೆ ಅನ್ನ ಹಾಕುತ್ತಿದೆ. ಆದರೆ ಹೊಲಕ್ಕೆ ಚೆಲ್ಲಿದ ಯೂರಿಯಾ ಕೆಲವೇ ದಿನಗಳಲ್ಲಿ ಮತ್ತೆ ಅಮೋನಿಯಾ ಆಗುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಕೆಲವು ವಾರಗಳಲ್ಲಿ ಅದನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಬೆಳೆ ಹೀರಿ ಮಿಕ್ಕ ನೈಟ್ರೇಟನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ, ಏಕೆಂದರೆ ಎರಡರಲ್ಲೂ ಇರುವುದು ಋಣ ವಿದ್ಯುದಂಶವೇ. ಮಳೆ ಬಂದಾಗ, ನೀರು ಕಟ್ಟಿದಾಗ ಅದು ಕೆಳಕ್ಕಿಳಿದು ಅಂತರ್ಜಲ ಸೇರುತ್ತದೆ.

ಈ ದಾರಿಯನ್ನು ಹಿಂದಕ್ಕೆ ನಡೆಯೋಣ ಎನ್ನುವ ವಿಜ್ಞಾನಿಗಳ ಗುಂಪು ಕಳೆದ ಹತ್ತು ವರ್ಷಗಳಲ್ಲಿ ಬಹಳ ದೊಡ್ಡದಾಗಿದೆ. ನೈಟ್ರೇಟ್ ಬೆರೆತ ನೀರಿಗೆ ಎರಡು ಲೋಹದ ಹಾಳೆ ಇಳಿಬಿಟ್ಟು ಕರೆಂಟು ಹಾಯಿಸಿದರೆ ನೈಟ್ರೇಟು ಅಮೋನಿಯಾ ಆಗುತ್ತದೆ. ಕಾವು ಬೇಡ, ಒತ್ತಡ ಬೇಡ, ನೈಸರ್ಗಿಕ ಅನಿಲ ಬೇಡ. ಸೌರ ಫಲಕ ಸಾಕು. ನೀರಿನ ವಿಷವೂ ಹೋಯಿತು, ಗೊಬ್ಬರವೂ ಬಂತು. ಇದಕ್ಕಿಂತ ಚೆಂದದ ಮಾತು ರಸಾಯನಶಾಸ್ತ್ರದಲ್ಲಿ ಕೇಳಸಿಗುವುದು ಕಷ್ಟ. ಇದರಲ್ಲಿ ಅರ್ಧ ನಿಜ ಎಂಬುದು ನನ್ನ ವಾದ. ಈ ಹಾಳೆಗಳ ವಿದ್ಯುತ್ ಕೋಶದಲ್ಲಿ ನಡೆಯುವ ಕ್ರಿಯೆ ನಿಜ, ಅದನ್ನು ಬೆಳೆಸುವುದೂ ಅಗತ್ಯ. ಗೊಬ್ಬರದ ಆಸೆ ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಈ ವಿದ್ಯೆಯನ್ನು ನೀರು ತೊಳೆಯುವ ಸಾಧನವಾಗಿ, ಅದಕ್ಕೆ ತಕ್ಕ ಜಾಗದಲ್ಲಿ ಬಳಸಿದರೆ ಉಪಯೋಗವಿದೆ. ಯೂರಿಯಾಕ್ಕೆ ಬದಲಿ ಎಂದು ನಂಬಿ ಹೊರಟರೆ ಹಣವೂ ಕಾಲವೂ ಹಾಳಾಗುತ್ತವೆ, ಬಾವಿಯ ನೀರು ಇದ್ದ ಹಾಗೇ ಉಳಿಯುತ್ತದೆ.

ನಮಗೆ ಇದು ದೂರದ ಮಾತಲ್ಲ. ಕೇಂದ್ರ ಅಂತರ್ಜಲ ಮಂಡಳಿ 2024ರ ಕೊನೆಯಲ್ಲಿ ಹೊರತಂದ ಗುಣಮಟ್ಟದ ವರದಿಯಲ್ಲಿ ದೇಶದ ಸುಮಾರು ಶೇ. 20ರಷ್ಟು ಮಾದರಿಗಳಲ್ಲಿ ನೈಟ್ರೇಟು ಮಿತಿ ಮೀರಿತ್ತು. ರಾಜಸ್ಥಾನದಲ್ಲಿ ಶೇ. 49, ಅದರ ಬೆನ್ನಿಗೇ ಕರ್ನಾಟಕ, ಶೇ. 48. ಅಂದರೆ ನಮ್ಮ ರಾಜ್ಯದಲ್ಲಿ ಪರೀಕ್ಷೆಯಾದ ಸರಿಸುಮಾರು ಅರ್ಧದಷ್ಟು ಮಾದರಿಗಳು ಕುಡಿಯಲು ತಕ್ಕುದಲ್ಲದ ನೀರು. ಭಾರತೀಯ ಮಾನಕ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 45 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೂ ಅದಕ್ಕೆ ವಿನಾಯಿತಿ ಇಲ್ಲ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಬಾವಿಗಳಲ್ಲಿರುವ ಮಟ್ಟದಲ್ಲಿ ನಾಲಿಗೆಗೂ ತಿಳಿಯುವುದಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಇನ್ನಷ್ಟು ದಟ್ಟವಾಗುತ್ತದೆ. ಹಾಲಿನ ಪುಡಿಯನ್ನು ಇಂಥ ನೀರಿನಲ್ಲಿ ಕದಡಿ ಕುಡಿಸಿದ ಹಸುಗೂಸುಗಳ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವುದನ್ನು ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ಬರೆದಿಟ್ಟಿದ್ದಾರೆ. ಮಕ್ಕಳಿಗೆ ನೀರನ್ನು ಕುದಿಸಿ ಆರಿಸಿಯೇ ಕೊಡುವ ಎಚ್ಚರದ ತಾಯಿಗೂ ಇಲ್ಲಿ ರಕ್ಷಣೆಯಿಲ್ಲ ಎನ್ನುವುದೇ ನನ್ನನ್ನು ಕಾಡುವ ಸಂಗತಿ.

ಇನ್ನು ಕೋಶದೊಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಒಂದು ನೈಟ್ರೇಟ್ ಅಯಾನು ಎಂದರೆ ಒಂದು ಸಾರಜನಕ, ಅದರ ಸುತ್ತ ಮೂರು ಆಮ್ಲಜನಕ. ಅಮೋನಿಯಾ ಆಗಬೇಕಾದರೆ ಮೂರೂ ಆಮ್ಲಜನಕ ಕಳಚಬೇಕು, ಆ ಜಾಗಕ್ಕೆ ಮೂರು ಜಲಜನಕ ಬರಬೇಕು. ಇಷ್ಟಕ್ಕೆ ಎಂಟು ಎಲೆಕ್ಟ್ರಾನ್ ಬೇಕು, ಒಂದಾದ ಮೇಲೊಂದು. ಮೊದಲ ಹೆಜ್ಜೆಯೇ ಕಷ್ಟದ್ದು: ನೈಟ್ರೇಟು ಲೋಹದ ಮೈಗೆ ಸುಲಭವಾಗಿ ಅಂಟುವುದಿಲ್ಲ, ಅದೂ ಋಣ ವಿದ್ಯುದಂಶದ ಹಾಳೆಯಿಂದ ಇನ್ನೂ ದೂರ ಸರಿಯುತ್ತದೆ. ತಾಮ್ರ ಇಲ್ಲಿ ನೆರವಿಗೆ ಬರುತ್ತದೆ. ಅದರ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟ ನೈಟ್ರೇಟಿಗೆ ಹೊಂದುತ್ತದೆ, ಮೊದಲ ಆಮ್ಲಜನಕವನ್ನು ಅದು ಚೆನ್ನಾಗಿ ಕಿತ್ತುಕೊಳ್ಳುತ್ತದೆ. ಆದರೆ ತಾಮ್ರ ಒಂದೇ ಇದ್ದರೆ ಕೆಲಸ ಅರ್ಧಕ್ಕೆ ನಿಂತು ನೈಟ್ರೈಟ್ ಶೇಖರವಾಗುತ್ತದೆ, ಅದು ನೈಟ್ರೇಟಿಗಿಂತಲೂ ವಿಷ. ಮುಂದಿನ ಹೆಜ್ಜೆಗಳಿಗೆ ಜಲಜನಕ ಒದಗಿಸಬಲ್ಲ ರುಥೇನಿಯಂ, ಕೋಬಾಲ್ಟ್, ನಿಕ್ಕಲ್ ಮುಂತಾದವನ್ನು ತಾಮ್ರದ ಜೊತೆಗಿಡುತ್ತಾರೆ. ಜಲಜನಕ ಹೆಚ್ಚಾಯಿತೋ, ಎರಡೆರಡು ಪರಮಾಣು ಕೂಡಿಕೊಂಡು ಗುಳ್ಳೆಯಾಗಿ ಎದ್ದುಹೋಗುತ್ತವೆ, ಅಷ್ಟು ಕರೆಂಟು ವ್ಯರ್ಥ. ಎಲೆಕ್ಟ್ರಾನ್ ನೈಟ್ರೇಟಿಗೆ ಸಿಗಬೇಕೋ ನೀರಿಗೆ ಸಿಗಬೇಕೋ ಎನ್ನುವ ಈ ಪೈಪೋಟಿಯಲ್ಲಿ ನೈಟ್ರೇಟನ್ನು ಗೆಲ್ಲಿಸುವುದೇ ಸಂಶೋಧನೆಯ ಬಹುಪಾಲು.

ಗೆಲ್ಲಿಸಿಯೂ ಇದ್ದಾರೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಹಾವೊಟಿಯನ್ ವಾಂಗ್ ಮತ್ತು ಸಂಗಡಿಗರು 2022ರಲ್ಲಿ ತಾಮ್ರದ ನ್ಯಾನೊ ತಂತಿಗಳಲ್ಲಿ ರುಥೇನಿಯಂ ಪರಮಾಣುಗಳನ್ನು ಹರಡಿ ಮಾಡಿದ ಕ್ಯಾಥೋಡಿನಲ್ಲಿ (ಋಣ ಹಾಳೆಯಲ್ಲಿ), ಹಾಯಿಸಿದ ಎಲೆಕ್ಟ್ರಾನ್‌ಗಳಲ್ಲಿ ಶೇ. 93ರಷ್ಟು ಅಮೋನಿಯಾಕ್ಕೇ ಸೇರಿದವು. ಚದರ ಸೆಂಟಿಮೀಟರಿಗೆ ಒಂದು ಆಂಪಿಯರ್‌ನಷ್ಟು, ಅಂದರೆ ಕಾರ್ಖಾನೆಗೆ ಒಪ್ಪುವಷ್ಟು ಕರೆಂಟನ್ನೂ ಅದು ತಾಳಿತು. ಲೀಟರಿಗೆ 2,000 ಮಿ.ಗ್ರಾಂ ಇದ್ದ ನೈಟ್ರೇಟು 50ಕ್ಕಿಂತ ಕೆಳಗಿಳಿಯಿತು. ಗಾಳಿಯ ಸಾರಜನಕವನ್ನೇ ನೇರವಾಗಿ ಕೋಶದಲ್ಲಿ ಅಮೋನಿಯಾ ಮಾಡಲು ಹೊರಟವರ ಪಾಡು ಹೀಗಿರಲಿಲ್ಲ. ಎರಡು ಸಾರಜನಕ ಪರಮಾಣುಗಳ ತ್ರಿಬಂಧ ಮುರಿಯಲು ಮೋಲಿಗೆ 941 ಕಿಲೋಜೂಲ್ ಬೇಕು. ಅಲ್ಲಿ ಸಿಕ್ಕ ಅಮೋನಿಯಾದ ಪ್ರಮಾಣ ಎಷ್ಟು ಸಣ್ಣದಿತ್ತೆಂದರೆ, ಕೆಲವು ಕಡೆ ಅದು ಬಂದದ್ದು ಗಾಳಿಯಿಂದಲ್ಲ, ಅನಿಲದಲ್ಲೋ ರಾಸಾಯನಿಕದಲ್ಲೋ ಸೇರಿಕೊಂಡಿದ್ದ ಸಾರಜನಕದ ಕಲ್ಮಶಗಳಿಂದ ಎಂದು ಗೊತ್ತಾಯಿತು. ಸಾರಜನಕ-15 ಸಮಸ್ಥಾನಿ ಬಳಸಿ ಪರೀಕ್ಷಿಸದೆ ಯಾರೂ ಹೇಳಿಕೆ ಕೊಡಬಾರದು ಎಂಬ ಕಟ್ಟುಪಾಡು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಆ ದಾರಿಯಲ್ಲಿ ಬಳಲಿದ ಅನೇಕರು ನೈಟ್ರೇಟಿನ ಕಡೆ ತಿರುಗಿದ್ದು ಸಹಜ. ಇಲ್ಲಿ ಅಮೋನಿಯಾ ಧಾರಾಳವಾಗಿ ಬರುತ್ತದೆ, ಅಳತೆಗೆ ಸಿಗುತ್ತದೆ.

ಧಾರಾಳವೆಂದರೆ ಎಷ್ಟು, ಎಲ್ಲಿಂದ ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಕೋಲಾರದಲ್ಲೋ ಚಿಕ್ಕಬಳ್ಳಾಪುರದಲ್ಲೋ ಒಂದು ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 100 ಮಿ.ಗ್ರಾಂ ನೈಟ್ರೇಟ್ ಇದೆ ಎಂದಿಟ್ಟುಕೊಳ್ಳೋಣ. ಮಿತಿಯ ಎರಡು ಪಟ್ಟಿಗಿಂತ ಹೆಚ್ಚು, ಕುಡಿಯುವವರಿಗೆ ಅಪಾಯ. ಆದರೆ ಅದರಲ್ಲಿರುವ ಸಾರಜನಕ ಲೀಟರಿಗೆ 22.6 ಮಿ.ಗ್ರಾಂ ಅಷ್ಟೇ. ಸಾವಿರ ಲೀಟರ್ ನೀರಿನ ನೈಟ್ರೇಟನ್ನು ಒಂದು ಕಣವೂ ಬಿಡದಂತೆ ಪರಿವರ್ತಿಸಿದರೂ ಸಿಗುವುದು 27 ಗ್ರಾಂ ಅಮೋನಿಯಾ. 45 ಕಿಲೋ ತೂಗುವ ಒಂದು ಯೂರಿಯಾ ಚೀಲದಲ್ಲಿ 20.7 ಕಿಲೋ ಸಾರಜನಕ ಇರುತ್ತದೆ. ಅಷ್ಟು ಸಾರಜನಕಕ್ಕೆ ಒಂಬತ್ತು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಕೋಶದಲ್ಲಿ ಹಾಯಿಸಬೇಕು. ಕೇಂದ್ರ ಸರ್ಕಾರ ಕಟ್ಟಿದ ಬೆಲೆಯಲ್ಲಿ ರೈತನಿಗೆ ಆ ಚೀಲ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿಗೆ ಸಿಗುತ್ತದೆ. ಕೆನೆಮೊಸರು ಕಡೆದರೆ ಬೆಣ್ಣೆ ಬರುತ್ತದೆ. ನೀರುಮಜ್ಜಿಗೆಯನ್ನು ಎಷ್ಟು ಹೊತ್ತು ಕಡೆದರೂ ಕೈ ಸೋಲುತ್ತದೆ, ಕಡೆಗೋಲು ಎಷ್ಟೇ ಚೆನ್ನಾಗಿರಲಿ.

ಕರೆಂಟಿನ ಲೆಕ್ಕವನ್ನೂ ನೋಡಬೇಕು. ಎಂಟು ಎಲೆಕ್ಟ್ರಾನ್ ಎಂಬುದು ಪ್ರಕೃತಿಯ ನಿಯಮ, ಯಾವ ವೇಗವರ್ಧಕವೂ ಅದನ್ನು ಏಳಕ್ಕೆ ಇಳಿಸಲಾರದು. ಫ್ಯಾರಡೆಯ ನಿಯಮದಂತೆ ಒಂದು ಕಿಲೋ ಅಮೋನಿಯಾಕ್ಕೆ 12,600 ಆಂಪಿಯರ್-ಗಂಟೆ ಬೇಕು. ಕೋಶ ಎರಡು ವೋಲ್ಟಿನಲ್ಲಿ ಓಡಿದರೆ, ಒಂದು ಎಲೆಕ್ಟ್ರಾನೂ ಪೋಲಾಗದಿದ್ದರೆ, 25 ಯೂನಿಟ್ ಕರೆಂಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ 175 ರೂಪಾಯಿ. ಹೇಬರ್-ಬಾಷ್ ಕಾರ್ಖಾನೆ ಒಂದು ಕಿಲೋ ಅಮೋನಿಯಾಕ್ಕೆ ಬಳಸುವ ಒಟ್ಟು ಶಕ್ತಿ ಸುಮಾರು ಎಂಟರಿಂದ ಹತ್ತು ಯೂನಿಟ್ಟಿಗೆ ಸಮ. ಆ ಕಾರ್ಖಾನೆಗಳು ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 1ಕ್ಕಿಂತ ಹೆಚ್ಚನ್ನು ಉಗುಳುತ್ತವೆ, ಅದನ್ನು ನಿಲ್ಲಿಸಲೇಬೇಕು ಎಂಬ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಬೇರೆ ದಾರಿ ಇದೆ: ಸೌರ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು ಅದೇ ಹಳೆಯ ಕಾರ್ಖಾನೆಗೆ ಕೊಡುವುದು. ಆ ದಾರಿಯಲ್ಲಿ ಒಂದು ಅಮೋನಿಯಾ ಅಣುವಿಗೆ ತಗಲುವುದು ಮೂರು ಎಲೆಕ್ಟ್ರಾನ್, ನೈಟ್ರೇಟಿನ ದಾರಿಯಲ್ಲಿ ಎಂಟು. ಇಂಧನ ಉರಿಸದೆ ಗೊಬ್ಬರ ಮಾಡಬೇಕು ಎನ್ನುವವರು ಮೂರನ್ನು ಬಿಟ್ಟು ಎಂಟನ್ನು ಏಕೆ ಆರಿಸಿಕೊಳ್ಳಬೇಕು?

ಪ್ರಯೋಗಾಲಯದ ಬೀಕರಿನಲ್ಲಿರುವ ನೀರು ಎಂಥದ್ದು ಎಂಬುದನ್ನೂ ಓದುಗರು ತಿಳಿದಿರಬೇಕು. ಇಂತಹ ಪ್ರಬಂಧಗಳಲ್ಲಿ ಬಹಳ ಸಲ ಕಾಣುವ ದ್ರಾವಣವೆಂದರೆ ಲೀಟರಿಗೆ 0.1 ಮೋಲ್ ಪೊಟ್ಯಾಸಿಯಂ ನೈಟ್ರೇಟ್, ಜೊತೆಗೆ ಒಂದು ಮೋಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಆ ನೈಟ್ರೇಟು ಲೀಟರಿಗೆ 6,200 ಮಿ.ಗ್ರಾಂ, ನಮ್ಮ ಬಾವಿಯ ಅರವತ್ತು ಪಟ್ಟಿಗಿಂತ ಹೆಚ್ಚು. ಮುಟ್ಟಿದರೆ ಕೈ ಸುಡುವ ಆ ಕ್ಷಾರ ಬಾವಿಯಲ್ಲಿ ಇರುವುದಿಲ್ಲ, ಅದರ ಬದಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಇರುತ್ತವೆ. ಕ್ಯಾಥೋಡಿನ ಬಳಿ ನಡೆಯುವ ಕ್ರಿಯೆ ಅಲ್ಲಿನ ನೀರನ್ನು ಕ್ಷಾರ ಮಾಡುತ್ತದೆ. ಗಡಸು ನೀರಿನಲ್ಲಿ ಹಾಗಾದಾಗ ಸುಣ್ಣದ ಪದರ ಹಾಳೆಯ ಮೇಲೆ ಕೂರುತ್ತದೆ. ಬಯಲುಸೀಮೆಯ ಮನೆಗಳಲ್ಲಿ ಗೀಸರಿನ ಸುರುಳಿ ಬಿಚ್ಚಿ ನೋಡಿದವರಿಗೆ ಆ ಬಿಳಿ ಹೆಕ್ಕಳೆಯ ಪರಿಚಯ ಇದ್ದೇ ಇದೆ. ಪರಮಾಣು ಪರಮಾಣುವಾಗಿ ಹೊಂದಿಸಿದ ರುಥೇನಿಯಂ ಅದರಡಿ ಹೂತುಹೋದರೆ ಅದರಿಂದ ಏನೂ ಆಗದು. ಇನ್ನೊಂದು ವಿಷಯ: ಪ್ರಯೋಗಕ್ಕೆ ಕೊಂಡು ತರುವ ಆ ಪೊಟ್ಯಾಸಿಯಂ ನೈಟ್ರೇಟಿನ ನೈಟ್ರೇಟು ಹುಟ್ಟುವುದು ಓಸ್ವಾಲ್ಡ್ ವಿಧಾನದಲ್ಲಿ ಅಮೋನಿಯಾವನ್ನು ಉರಿಸಿ ಮಾಡಿದ ನೈಟ್ರಿಕ್ ಆಮ್ಲದಿಂದ. ಅಮೋನಿಯಾ ಕೊಟ್ಟು ಕೊಂಡದ್ದನ್ನು ಮತ್ತೆ ಅಮೋನಿಯಾ ಮಾಡಿ ತೋರಿಸುವುದು ವಿಜ್ಞಾನವಾಗಿ ಸರಿ. ಗೊಬ್ಬರದ ಹೊಸ ಮೂಲ ಎನ್ನುವುದು ತಪ್ಪು.

ಇಷ್ಟು ಹೇಳಿ ಕೈಬಿಡುವುದಾದರೆ ನಾನು ಬರೆಯಬೇಕಿರಲಿಲ್ಲ. ಅದೇ ಲೆಕ್ಕವನ್ನು ನೀರಿನ ಕಡೆಯಿಂದ ನೋಡಿದರೆ ಬೇರೆಯದೇ ಉತ್ತರ ಬರುತ್ತದೆ. ಸಾವಿರ ಲೀಟರ್ ಬಾವಿ ನೀರಿನಲ್ಲಿ ನೈಟ್ರೇಟನ್ನು 100ರಿಂದ 40 ಮಿ.ಗ್ರಾಂಗೆ ಇಳಿಸಬೇಕು ಎನ್ನಿ. ತೆಗೆಯಬೇಕಾದದ್ದು 60 ಗ್ರಾಂ ನೈಟ್ರೇಟ್. ಇದಕ್ಕೆ 207 ಆಂಪಿಯರ್-ಗಂಟೆ. ಬಾವಿ ನೀರಿನಲ್ಲಿ ಕರೆಂಟು ಸರಾಗವಾಗಿ ಹರಿಯದ್ದರಿಂದ ನಾಲ್ಕು ವೋಲ್ಟ್ ಹಿಡಿಯೋಣ. ತೆಳು ದ್ರಾವಣದಲ್ಲಿ ಎಲೆಕ್ಟ್ರಾನ್‌ಗಳ ಮುಕ್ಕಾಲು ಪಾಲು ಗುಳ್ಳೆಯಾಗಿ ವ್ಯರ್ಥವಾಗುತ್ತದೆ ಎಂದೂ ಹಿಡಿಯೋಣ. ಹಾಗಿದ್ದರೂ ಮೂರೂಕಾಲು ಯೂನಿಟ್ಟಿನ ಸುತ್ತಮುತ್ತ ಮುಗಿಯುತ್ತದೆ. ಇಪ್ಪತ್ತು ಲೀಟರಿನ ಒಂದು ಕ್ಯಾನಿಗೆ ಕರೆಂಟಿನ ಖರ್ಚು ಐವತ್ತು ಪೈಸೆಯೊಳಗೆ. ಅಮೋನಿಯಾ ಮಾರುವವನಿಗೆ ಕಾಲು ಭಾಗ ಎಲೆಕ್ಟ್ರಾನ್ ಮಾತ್ರ ದಕ್ಕಿತು ಎಂದರೆ ದಿವಾಳಿ. ನೀರು ಕುಡಿಯುವವನಿಗೆ ಅದೇನೂ ದೊಡ್ಡ ನಷ್ಟವಲ್ಲ. ನೀರಿನ ಬೆಲೆ ಅದರಲ್ಲಿ ಕರಗಿದ ಸಾರಜನಕದ ಬೆಲೆಗಿಂತ ಎಷ್ಟೋ ಪಾಲು ದೊಡ್ಡದು. ಆದರೂ ಪ್ರಬಂಧದಿಂದ ಪ್ರಬಂಧಕ್ಕೆ ಸ್ಪರ್ಧೆ ನಡೆಯುತ್ತಿರುವುದು ಗಂಟೆಗೆ ಎಷ್ಟು ಮಿಲಿಗ್ರಾಂ ಅಮೋನಿಯಾ, ಎಷ್ಟು ಶೇಕಡ ಎಲೆಕ್ಟ್ರಾನ್ ಎಂಬುದರಲ್ಲಿ. ಹಾಳೆ ಆರು ತಿಂಗಳು ಬಾಳುತ್ತದೆಯೇ, ಕೊನೆಗೆ ಹೊರಬಂದ ನೀರಿನಲ್ಲಿ ನೈಟ್ರೈಟ್ ಎಷ್ಟಿದೆ, ತಾಮ್ರ ಎಷ್ಟು ಕರಗಿ ಬಂದಿದೆ ಎನ್ನುವುದು ಹಿಂದೆ ಬಿದ್ದಿದೆ.

ಕುಡಿಯುವ ನೀರಿಗೆ ಬಂದಾಗ ಅಮೋನಿಯಾದ ಮೋಹವೇ ತೊಡಕು. ಮೇಲಿನ ಉದಾಹರಣೆಯಲ್ಲಿ 60 ಮಿ.ಗ್ರಾಂ ನೈಟ್ರೇಟು ಅಮೋನಿಯಾ ಆದರೆ ಲೀಟರಿಗೆ 16 ಮಿ.ಗ್ರಾಂ ದಾಟುತ್ತದೆ. ಕುಡಿಯುವ ನೀರಿನಲ್ಲಿ ಅಮೋನಿಯಾದ ಒಪ್ಪಿತ ಮಿತಿ ಅರ್ಧ ಮಿಲಿಗ್ರಾಂ. ಒಂದು ದೋಷ ಹೋಗಿ ಇನ್ನೊಂದು ಬಂತು. ಅದನ್ನು ತೆಗೆಯಬೇಕಾದರೆ ನೀರನ್ನು ಕ್ಷಾರ ಮಾಡಿ, ಅನಿಲ ಮಾತ್ರ ದಾಟುವ ಪೊರೆಯ ಮೂಲಕ ಅಮೋನಿಯಾವನ್ನು ಗಂಧಕಾಮ್ಲಕ್ಕೆ ಸೇರಿಸಿ ಅಮೋನಿಯಂ ಸಲ್ಫೇಟ್ ಮಾಡಬೇಕು, ಆಮೇಲೆ ನೀರನ್ನು ಮತ್ತೆ ಹದಕ್ಕೆ ತರಬೇಕು. ಒಂದು ಹಳ್ಳಿಯ ನೀರಿನ ಘಟಕದಲ್ಲಿ ಇಷ್ಟನ್ನು ನಡೆಸುವವರು ಯಾರು? ಕುಡಿಯುವ ನೀರಿಗೆ ಬೇಕಾದದ್ದು ನೈಟ್ರೇಟನ್ನು ನಿರಪಾಯದ ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುವ ವೇಗವರ್ಧಕ. ಅದಕ್ಕೆ ಐದೇ ಎಲೆಕ್ಟ್ರಾನ್ ಸಾಕು. ತಾಮ್ರ-ಪಲ್ಲಾಡಿಯಂ ಜೋಡಿಯನ್ನು ಬಳಸಿ, ಜಲಜನಕ ಹಾಯಿಸಿ ಹಾಗೆ ಮಾಡುವುದನ್ನು ಜರ್ಮನಿಯ ಫೋರ್ಲೋಪ್ ಮತ್ತು ಟಾಕೆ 1989ರಲ್ಲೇ ತೋರಿಸಿದ್ದರು. ಮಾರಲು ಏನೂ ಸಿಗದ ಈ ದಾರಿಗೆ ಇವತ್ತು ಆಕರ್ಷಣೆ ಕಡಿಮೆ. ಕುಡಿಯುವವರ ದೃಷ್ಟಿಯಿಂದ ಇದು ಬೇಸರದ ಸಂಗತಿ.

ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ನಿಂತು ನೋಡಿದರೆ ಈಗಿನ ವ್ಯವಸ್ಥೆಯ ಕೊರತೆ ಕಣ್ಣಿಗೇ ಕಾಣುತ್ತದೆ. ಮುಂದುಗಡೆ ನಾಣ್ಯ ಹಾಕುವ ಕಿಂಡಿ, ಕ್ಯಾನ್ ಇಡುವ ಕಟ್ಟೆ. ಹಿಂದುಗಡೆ ಬೆರಳು ದಪ್ಪದ ಒಂದು ಪಿವಿಸಿ ಪೈಪು ಗೋಡೆಯಿಂದ ಹೊರಬಂದು ಚರಂಡಿಗೆ ಸುರಿಯುತ್ತಿರುತ್ತದೆ. ಆರ್‌ಒ ಪೊರೆ ನೈಟ್ರೇಟನ್ನು ನಾಶ ಮಾಡುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದರ್ಧದಲ್ಲಿ ಎರಡು ಪಟ್ಟು ಹತ್ತಿರ ನೈಟ್ರೇಟು. ಆ ಪೈಪಿನ ನೀರು ಹರಿದು, ಅಲ್ಲೇ ಇಂಗಿ, ಅದೇ ಘಟಕಕ್ಕೆ ನೀರೆತ್ತುವ ಬೋರಿನ ಕಡೆಗೆ ಮತ್ತೆ ಇಳಿಯುತ್ತದೆ. ಕೋಶವನ್ನು ಇಡಲು ಹಳ್ಳಿಯಲ್ಲಿ ತಕ್ಕ ಜಾಗ ಎಂದರೆ ಈ ಹಿಂದುಗಡೆಯ ಪೈಪು. ಲವಣ ಹೆಚ್ಚಿರುವುದರಿಂದ ಕರೆಂಟು ಸುಲಭವಾಗಿ ಹರಿಯುತ್ತದೆ. ಕುಡಿಯುವ ನೀರಲ್ಲವಾದ್ದರಿಂದ ಅಮೋನಿಯಾ ಉಳಿದರೂ ಗಿಡಕ್ಕೆ ಹಾಕಬಹುದು, ಅಥವಾ ಧನ ಹಾಳೆಯಾದ ಆನೋಡಿನಲ್ಲಿ ಕ್ಲೋರೈಡಿನಿಂದ ಹುಟ್ಟುವ ಕ್ಲೋರಿನ್ ಆ ಅಮೋನಿಯಾವನ್ನು ಸಾರಜನಕ ಅನಿಲವಾಗಿಸುವಂತೆ ಹೊಂದಿಸಬಹುದು.

ನಿಜಕ್ಕೂ ದಟ್ಟವಾದ ನೈಟ್ರೇಟು ಇರುವುದು ಕಾರ್ಖಾನೆಗಳ ಹಿತ್ತಲಲ್ಲಿ. ಈ ವಿದ್ಯೆ ಮೊದಲು ಗಂಭೀರವಾಗಿ ಪರೀಕ್ಷೆಗೆ ಬಂದದ್ದೂ ಅಂಥ ಕಡೆಯೇ. ಅಮೆರಿಕದ ದಕ್ಷಿಣ ಕೆರೊಲಿನಾದ ಸವಾನಾ ನದಿಯ ದಡದಲ್ಲಿ ಅಣ್ವಸ್ತ್ರಕ್ಕೆ ಪ್ಲುಟೋನಿಯಂ ತಯಾರಿಸಿದ ಸ್ಥಾವರದ ತ್ಯಾಜ್ಯದ ತೊಟ್ಟಿಗಳಲ್ಲಿ ನೈಟ್ರೇಟ್, ನೈಟ್ರೈಟ್ ತುಂಬಿದ ಕ್ಷಾರದ ದ್ರಾವಣವಿತ್ತು. 1990ರ ದಶಕದಲ್ಲಿ ಅದನ್ನು ಕರೆಂಟಿನಿಂದ ನಾಶಮಾಡುವ ಪ್ರಯೋಗಗಳು ನಡೆದವು. ಆಗ ಗುರಿ ನೈಟ್ರೇಟನ್ನು ಇಲ್ಲವಾಗಿಸುವುದಷ್ಟೇ. ಹೊರಬರುವ ಅಮೋನಿಯಾ ಒಂದು ಉಪದ್ರವ, ಅದನ್ನು ಎಚ್ಚರದಿಂದ ನಿಭಾಯಿಸಬೇಕಿತ್ತು. ಮೂವತ್ತು ವರ್ಷಗಳಲ್ಲಿ ಅದೇ ಅನಿಲ ಇಡೀ ಕೆಲಸದ ಗುರಿಯಾಗಿಬಿಟ್ಟಿದೆ. ನನಗೆ ಆ ಹಳೆಯ ದೃಷ್ಟಿಯೇ ಹೆಚ್ಚು ಸರಿ ಎನಿಸುತ್ತದೆ. ಯುರೇನಿಯಂ ಇಂಧನ ತಯಾರಿಕೆ, ಸ್ಟೀಲಿನ ಮೈಯನ್ನು ಆಮ್ಲದಲ್ಲಿ ತೊಳೆಯುವ ಘಟಕಗಳು, ಸ್ಫೋಟಕ ಮತ್ತು ರಸಗೊಬ್ಬರದ ಕಾರ್ಖಾನೆಗಳು, ನೈಟ್ರಿಕ್ ಆಮ್ಲದಲ್ಲಿ ಬಂಗಾರ ಶುದ್ಧಿ ಮಾಡುವ ಸಣ್ಣ ಅಂಗಡಿಗಳು, ಇವುಗಳಿಂದ ಬರುವ ನೀರಿನಲ್ಲಿ ಲೀಟರಿಗೆ ಸಾವಿರಾರು ಮಿಲಿಗ್ರಾಂ ನೈಟ್ರೇಟು ಇರಬಲ್ಲದು. ಪ್ರಯೋಗಾಲಯದ ಬೀಕರಿಗೆ ಹೋಲುವ ನೀರು ಇದು. ಕಾಯಿಸಿ ಒಣಗಿಸುವುದು, ಇಲ್ಲವೇ ಟ್ಯಾಂಕರಿನಲ್ಲಿ ಸಾಗಿಸಿ ಎಲ್ಲೋ ಸುರಿಯುವುದು ಬಿಟ್ಟು, ಅಲ್ಲಿಯೇ ಕೋಶ ಹೂಡಿದರೆ ನೈಟ್ರೇಟು ಹೊಳೆಗೆ ಬೀಳುವ ಮೊದಲೇ ಹೋಗುತ್ತದೆ, ಸಿಕ್ಕ ಅಮೋನಿಯಾ ಅದೇ ಕಾರ್ಖಾನೆಗೆ ಬಳಕೆಯಾಗಬಹುದು. ಮಾಲಿನ್ಯ ಮಾಡುವವರೇ ಅದರ ಖರ್ಚು ಹೊರುತ್ತಾರೆ ಎಂಬುದು ಇನ್ನೊಂದು ಒಳ್ಳೆಯ ಅಂಶ.

ಊರಿನ ಕೊಳಚೆಯ ವಿಚಾರ ಇದಕ್ಕಿಂತ ವಿಚಿತ್ರ. ಮನೆಯಿಂದ ಹೊರಡುವಾಗ ಸಾರಜನಕ ನೈಟ್ರೇಟಿನ ರೂಪದಲ್ಲಿ ಇರುವುದೇ ಇಲ್ಲ. ಮೂತ್ರದಲ್ಲಿ ಅದು ಯೂರಿಯಾ, ಚರಂಡಿಯಲ್ಲಿ ಅಮೋನಿಯಾ. ಕೊಳಚೆ ಶುದ್ಧೀಕರಣ ಘಟಕದಲ್ಲಿ ದೊಡ್ಡ ದೊಡ್ಡ ಬ್ಲೋವರುಗಳಿಂದ ಗಾಳಿ ಊದಿ, ಘಟಕದ ಕರೆಂಟಿನ ದೊಡ್ಡ ಪಾಲನ್ನು ಅದಕ್ಕೇ ಸುರಿದು, ಬ್ಯಾಕ್ಟೀರಿಯಾಗಳಿಂದ ಆ ಅಮೋನಿಯಾವನ್ನು ನೈಟ್ರೇಟ್ ಮಾಡಿಸುತ್ತೇವೆ. ಆ ನೈಟ್ರೇಟನ್ನು ಮತ್ತೆ ಕರೆಂಟು ಕೊಟ್ಟು ಅಮೋನಿಯಾ ಮಾಡೋಣ ಎನ್ನುವುದು ಒಂದೇ ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಸುಂಕ ಕಟ್ಟಿದಂತೆ. ಅಮೋನಿಯಾ ಬೇಕೆಂದಿದ್ದರೆ ಅದು ಅಮೋನಿಯಾ ಆಗಿರುವಾಗಲೇ ಹಿಡಿಯಬೇಕು. ಮನೆಯ ಕೊಳಚೆಯಲ್ಲಿರುವ ಸಾರಜನಕದಲ್ಲಿ ಸುಮಾರು ಶೇ. 80 ಬರುವುದು ಮೂತ್ರದಿಂದ, ಆದರೆ ಮೂತ್ರ ಆ ನೀರಿನ ಶೇ. 1ರಷ್ಟೂ ಇರಲಿಕ್ಕಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇರ್ಪಡಿಸಿದ ಮನುಷ್ಯ ಮೂತ್ರವನ್ನು ಬಾಳೆಗೆ ಗೊಬ್ಬರವಾಗಿ ಕೊಟ್ಟು ನೋಡಿದ ಪ್ರಯೋಗಗಳು ನಡೆದಿವೆ. ಹಾಸ್ಟೆಲು, ಬಸ್ ನಿಲ್ದಾಣ, ಸಿನಿಮಾ ಮಂದಿರಗಳ ಮೂತ್ರಾಲಯಗಳಿಂದ ಶುರುಮಾಡಲು ಯಾವ ಹೊಸ ವೇಗವರ್ಧಕವೂ ಬೇಕಿಲ್ಲ.

ಮೂಲದಲ್ಲೇ ಹಿಡಿಯಬೇಕೆಂದು ಹೀಗೆ ಒತ್ತಿ ಹೇಳಲು ಕಾರಣ ಕೋಲಾರ ಜಿಲ್ಲೆಯ ಮುಳಬಾಗಿಲು. ಅಲ್ಲಿನ ಬಾವಿಗಳ ನೈಟ್ರೇಟನ್ನು ಅಭ್ಯಾಸ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆರಳು ತೋರಿಸಿದ್ದು ಹೊಲದ ಯೂರಿಯಾಕ್ಕಲ್ಲ, ಮನೆ ಮನೆಯ ಪಾಯಿಖಾನೆ ಗುಂಡಿಗಳಿಗೆ. ಮೇಲೆ ತೆಳುವಾದ ಮಣ್ಣು, ಕೆಳಗೆ ಸೀಳುಬಿಟ್ಟ ಬಂಡೆ. ಗುಂಡಿಯಲ್ಲಿ ಇಂಗಿದ್ದು ಸೋಸಿಕೊಳ್ಳಲು ಪುರಸೊತ್ತಿಲ್ಲದೆ ಬಾವಿಗೆ ಇಳಿಯುತ್ತದೆ. ಬಯಲು ಶೌಚ ನಿಲ್ಲಿಸಲು ಗುಂಡಿಗಳು ಬೇಕಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂಡೆಯ ಸೀಮೆಯಲ್ಲಿ ಗುಂಡಿಗೂ ಬಾವಿಗೂ ನಡುವೆ ಎಷ್ಟು ಅಂತರ ಇರಬೇಕು, ತಳದಲ್ಲಿ ಏನು ತುಂಬಬೇಕು ಎಂಬುದನ್ನು ವಿಚಾರಿಸದೆ ತೋಡಿದ ಗುಂಡಿಗಳು ಮುಂದಿನ ತಲೆಮಾರಿನ ನೀರಿಗೆ ನೈಟ್ರೇಟನ್ನು ಸೇರಿಸುತ್ತಲೇ ಇರುತ್ತವೆ. ಮೇಲಿನಿಂದ ಬರುವುದು ನಿಲ್ಲದಿದ್ದರೆ ಕೆಳಗೆ ಕೂತ ಕೋಶಕ್ಕೆ ಕೆಲಸ ಮುಗಿಯುವ ದಿನವೇ ಇಲ್ಲ.

ಹಾಗಾದರೆ ಹೊಲದ ನಡುವಿನ ಕೊಳವೆಬಾವಿಯ ನೈಟ್ರೇಟು? ಅದನ್ನು ಅಮೋನಿಯಾ ಮಾಡುವ ಅಗತ್ಯವೇ ಇಲ್ಲ. ಗಿಡದ ಬೇರಿಗೆ ನೈಟ್ರೇಟೇ ಊಟ. ಲೀಟರಿಗೆ 100 ಮಿ.ಗ್ರಾಂ ನೈಟ್ರೇಟ್ ಇರುವ ನೀರನ್ನು ಟೊಮೆಟೊವಿಗೋ ಹಿಪ್ಪುನೇರಳೆಗೋ ಒಂದು ಎಕರೆಗೆ ಒಟ್ಟು 500 ಮಿಲಿಮೀಟರಿನಷ್ಟು ಕೊಟ್ಟರೆ, ನೀರಿನ ಜೊತೆಗೆ ಸುಮಾರು 45 ಕಿಲೋ ಸಾರಜನಕ ಹೊಲಕ್ಕೆ ಬಿದ್ದಿರುತ್ತದೆ. ಎರಡು ಚೀಲಕ್ಕಿಂತ ಹೆಚ್ಚು ಯೂರಿಯಾ! ಕೋಶದಲ್ಲಿ ಹಾಯಿಸಿ ಹಿಡಿಯಲು ಹೊರಟಾಗ ಕೈಗೆಟುಕದಿದ್ದ ಅದೇ ಸಾರಜನಕ ಇಲ್ಲಿ ಪಂಪು ಓಡಿದಾಗ ತಾನಾಗಿ ಬರುತ್ತದೆ, ಏಕೆಂದರೆ ಆ ಲಕ್ಷಾಂತರ ಲೀಟರ್ ನೀರನ್ನು ರೈತ ಹೇಗಿದ್ದರೂ ಎತ್ತುತ್ತಾನೆ. ಇದು ತಿಳಿಯದೆ ಮೇಲುಗೊಬ್ಬರವನ್ನು ಎಂದಿನಂತೆ ಪೂರ್ತಿ ಹಾಕಿದಾಗ ಅಷ್ಟೂ ಮತ್ತೆ ಕೆಳಗಿಳಿಯುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಪ್ಲಾಟ್ ನದಿಯ ಬಯಲಿನ ಮೆಕ್ಕೆಜೋಳದ ರೈತರು ಬಾವಿ ನೀರನ್ನು ಪರೀಕ್ಷಿಸಿ, ಅದರಲ್ಲಿರುವ ನೈಟ್ರೇಟಿನ ಸಾರಜನಕವನ್ನು ಕಳೆದು ಮಿಕ್ಕಷ್ಟೇ ಗೊಬ್ಬರ ಹಾಕುವ ಪದ್ಧತಿ ದಶಕಗಳಿಂದ ಇದೆ. ನಮ್ಮ ದೇಶ ವರ್ಷಕ್ಕೆ 3.5 ಕೋಟಿ ಟನ್ನಿನಷ್ಟು ಯೂರಿಯಾ ಬಳಸುತ್ತದೆ, ಅದರಲ್ಲಿ ಒಂದು ಪಾಲನ್ನು ಹೊರಗಿನಿಂದ ತರುತ್ತದೆ. ಇದ್ದದ್ದನ್ನು ಎಣಿಸಿ ಹಾಕುವುದರಿಂದ ಉಳಿಯುವ ಯೂರಿಯಾ ಎಷ್ಟೋ ಕೋಶಗಳ ಉತ್ಪಾದನೆಗಿಂತ ಹೆಚ್ಚು.

ವೇಗವರ್ಧಕದ ಸಂಶೋಧನೆಗೆ ಹಣ ಕೊಡಬೇಡಿ ಎಂದು ಯಾರಾದರೂ ಇದರಿಂದ ಅರ್ಥಮಾಡಿಕೊಂಡರೆ ನನಗೆ ಬೇಸರವಾಗುತ್ತದೆ. ಹೇಬರನ ಮೇಜಿನ ಮೇಲಿನ ಯಂತ್ರದಲ್ಲೂ ಮೊದಲು ತೊಟ್ಟಿಕ್ಕಿದ್ದು ಹನಿಹನಿಯಾಗಿಯೇ. ಎಂಟು ಎಲೆಕ್ಟ್ರಾನ್‌ಗಳ ಈ ಸರಣಿಯನ್ನು ಅರ್ಥಮಾಡಿಕೊಂಡದ್ದರಿಂದ ಲೋಹದ ಮೈಮೇಲೆ ನಡೆಯುವ ಬೇರೆ ಅನೇಕ ಕ್ರಿಯೆಗಳ ತಿಳಿವಳಿಕೆ ಬೆಳೆದಿದೆ. ನಾನು ಕೇಳುವುದು ಹಣ ಕೊಡುವವರು ಬೇರೆ ಪ್ರಶ್ನೆ ಹಾಕಲಿ ಎಂದು. ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮಾಡಿದ ಅಳತೆ ಸಾಲದು, ಯಾವುದಾದರೂ ಒಂದು ನಿಜವಾದ ನೀರಿನಲ್ಲಿ ಕೋಶ ತಿಂಗಳುಗಟ್ಟಲೆ ಓಡಬೇಕು. ಹೊರಬಂದ ನೀರಿನ ಪೂರ್ತಿ ಪರೀಕ್ಷೆ ಪ್ರಕಟವಾಗಬೇಕು. ನೈಟ್ರೇಟು ಎಲ್ಲಿಂದ ಬಂತು, ಅದಕ್ಕೆ ಮೊದಲು ಅದು ಏನಾಗಿತ್ತು ಎಂಬುದನ್ನು ಹೇಳದೆ ಹಸಿರು ಅಮೋನಿಯಾ ಎಂಬ ಹೆಸರು ಬಳಸಬಾರದು. ಕರ್ನಾಟಕದಂತಹ ರಾಜ್ಯದಲ್ಲಿ, ಅರ್ಧದಷ್ಟು ಮಾದರಿಗಳು ಮಿತಿ ಮೀರಿರುವಾಗ, ನಿಜವಾದ ನೀರಿಗೆ ಕೊರತೆಯೇನಿಲ್ಲ.

2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಳತೆಗಳಿವೆ. ಮಣ್ಣಿನ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಎಲ್ಲ ಉಂಟು. ಆ ಮಣ್ಣಿಗೆ ಬೀಳುವ ನೀರಿನ ನೈಟ್ರೇಟಿಗೆ ಅದರಲ್ಲಿ ಸಾಲಿಲ್ಲ. ಹದಿಮೂರನೆಯದಾಗಿ ಅದನ್ನು ಸೇರಿಸಿ, ಎಕರೆಗೆ ಎಷ್ಟು ಕಿಲೋ ಯೂರಿಯಾ ಬಿಡಬಹುದು ಎಂದು ಪಕ್ಕದಲ್ಲೇ ಕನ್ನಡದಲ್ಲಿ ಬರೆದುಕೊಡಲಿ. ಮಾದರಿ ತೆಗೆಯಲು ರೈತ ಸಂಪರ್ಕ ಕೇಂದ್ರದವರು ಹೊಲಕ್ಕೆ ಹೋದಾಗ ಮಣ್ಣಿನ ಚೀಲದ ಜೊತೆಗೆ ಬೋರಿನ ನೀರನ್ನೂ ಒಂದು ಬಾಟಲಿಯಲ್ಲಿ ಹಿಡಿದು ತಂದರಾಯಿತು. ಲೀಟರಿಗೆ 100 ಮಿ.ಗ್ರಾಂ ದಾಟಿದ ಬಾವಿಗಳಿಂದ ಇನ್ನೊಂದೆರಡು ಕ್ಯಾನ್ ನೀರು ತುಂಬಿ, ವೇಗವರ್ಧಕ ಮಾಡುತ್ತಿರುವ ಬೆಂಗಳೂರಿನ ಪ್ರಯೋಗಾಲಯಗಳಿಗೆ ಕಳಿಸಲಿ.